ಮೂರರಿಂದ ಐದು

ಕಾರ್ಡಿನ ಮೇಲೆ ಬರೆದಿದ್ದೇನೆ: ಮೂರರಿಂದ ಐದು.
ಐದರ ಕೆಳಗೆ ಎರಡು ಗೆರೆ.
ಬೇರೆ ಊರಲ್ಲಿ ದೀಪ ಹಚ್ಚಿದ ಮೇಲೆ ಹುಟ್ಟುಹಬ್ಬ ಶುರುವಂತೆ.
ನಮ್ಮ ಮಾಲ್ದಾರೆಯಲ್ಲಿ
ದೀಪ ಹಚ್ಚುವ ಹೊತ್ತಿಗೆ ರಸ್ತೆ ನಮ್ಮದಲ್ಲ.

ನಿಷ್ಕಾಳಿಗೆ ನಾಳೆ ಐದು ತುಂಬುತ್ತದೆ.
ನಾನು ಕರೆದದ್ದು ಎಂಟು ಮಕ್ಕಳನ್ನು.
ಅವಳು ಕರೆದದ್ದರ ಲೆಕ್ಕ ಇನ್ನೂ ಸಿಕ್ಕಿಲ್ಲ.
ಹಾಲಿನ ಡೈರಿಯಲ್ಲಿ ಹೇಳಿದ್ದಾಳೆ, ಜೀಪಿನ ಅಶ್ರಫಣ್ಣನಿಗೆ ಹೇಳಿದ್ದಾಳೆ,
ತೋಟದ ಕೆಲಸಕ್ಕೆ ಬಂದ ಅಸ್ಸಾಮಿನ ಹುಡುಗರಿಗೂ.
ಅವರಿಗೆ ನಮ್ಮ ಮಾತು ಬಾರದು,
ಅದಕ್ಕೆ ಬೆರಳು ಐದೂ ಬಿಡಿಸಿ ತೋರಿಸಿದಳಂತೆ.
ಅವರೂ ಐದು ಬೆರಳು ತೋರಿಸಿ ತಲೆಯಾಡಿಸಿದರಂತೆ.
ಈಗ ಐದು ಜನ ಬರುತ್ತಾರೋ,
ಐದು ಗಂಟೆಗೆ ಬರುತ್ತಾರೋ.

ಅವಳಿಗೆ ಬೇಕಾದದ್ದು ಆನೆ ಕೇಕು.
ಸಿದ್ದಾಪುರದ ಬೇಕರಿಯವ ನನ್ನ ಮುಖ ನೋಡಿ
‘ಮೊಲ ಮಾಡಲಾ ಅಕ್ಕಾ’ ಅಂದ.
ಎರಡು ಕೆಜಿ ಸಾಕಾ? ಮೊಲದ ಕಿವಿ ಯಾರಿಗೆ?
ಇರುವುದು ಎರಡೇ ಕಿವಿ, ಜಗಳ ಅಲ್ಲೇ ಶುರು.

ದೇಚುವಿನ ಹುಟ್ಟುಹಬ್ಬಕ್ಕೆ ಹೋಗಿದ್ದೆವಲ್ಲ, ಬಂಗಲೆಗೆ,
ಜಾದೂ ಮಾಡುವವ ಮೈಸೂರಿನಿಂದ ಬಂದಿದ್ದ,
ಹೊರಡುವಾಗ ಮಕ್ಕಳಿಗೆಲ್ಲ ಸ್ಟೀಲ್ ಡಬ್ಬಿ.
ನಾನು ಬಣ್ಣದ ಪೆನ್ಸಿಲ್ ತಂದಿದ್ದೇನೆ.
ಆರು ಬಣ್ಣದ್ದು.
ಹನ್ನೆರಡು ಬಣ್ಣದ್ದನ್ನು ಕೈಗೆತ್ತಿ, ತಿರುಗಿಸಿ, ಇಟ್ಟು ಬಂದೆ.
ದೇಚುವಿನ ತಾಯಿ ಕೂರುವುದೆಲ್ಲಿ?
ಸಂಘದ ಹತ್ತು ಕುರ್ಚಿಯಲ್ಲಿ ಎರಡಕ್ಕೆ ಕಾಲು ಸೀಳಿದೆ,
ಯಾವ ಎರಡು ಅಂತ ಕೂತವರಿಗೇ ಗೊತ್ತು.
ಬಚ್ಚಲಿನ ಚಿಲಕ ಬೇರೆ ಒಳಗಿನಿಂದ ಬೀಳುವುದಿಲ್ಲ,
ಹೋದವರು ಹಾಡುತ್ತಾ ಇರಬೇಕು.

ಅತ್ತೆ ಹಲಸಿನ ಹಣ್ಣಿನ ಗಟ್ಟಿ ಮಾಡುತ್ತಾರಂತೆ.
ಬೇಡ ಅಂದೆ. ಆ ವಾಸನೆಗೆ
ಕರೆಯದವರೂ ಬರುತ್ತಾರೆ.
‘ಹಲಸಿಲ್ಲದೆ ಎಂಥ ಹುಟ್ಟುಹಬ್ಬ’ ಎಂದು ಮುಖ ತಿರುಗಿಸಿದವರು
ಇನ್ನೂ ನನ್ನ ಕಡೆ ತಿರುಗಿಲ್ಲ.

ಫೋನಿಗೆ ಮೆಸೇಜು ಬರುತ್ತದೆ, ಇಲಾಖೆಯದು:
ಕೆರೆ ಬದಿಯ ತೋಟದಲ್ಲಿ ಎಂಟು, ಅದರಲ್ಲಿ ಮರಿ ಎರಡು,
ಯಾರೂ ಆ ದಾರಿಯಲ್ಲಿ ಓಡಾಡಬಾರದು.
ನನ್ನ ಪಟ್ಟಿಯಲ್ಲೂ ಎಂಟು.
ಅವಕ್ಕೂ ಮರಿಯ ಜೊತೆ ತಾಯಂದಿರು ಬರುತ್ತಾರೆ,
ಚಿಕ್ಕಮ್ಮಂದಿರೂ ಬರುತ್ತಾರೆ,
ಊಟ ಸಾಲದಿದ್ದರೆ ಬೇಲಿ ಮುರಿಯುತ್ತಾರೆ.

ಇವರು ಆನೆ ಓಡಿಸುವ ತಂಡದಲ್ಲಿ.
‘ರಜೆ ಕೇಳಿದಿರಾ?’
‘ಕೇಳಿದೆ.’
‘ಕೊಟ್ಟರಾ?’
‘ಆನೆ ಕೊಡಬೇಕು.’
ಟಾರ್ಚು ಹಿಡಿದು ಹೋದರು. ಏಳೂವರೆ ಆಗಿತ್ತು.

ಅವಳು ಮಲಗಿದ ಮೇಲೆ ಬಲೂನು ಊದಲು ಕೂತೆ.
ಒಂಬತ್ತನೆಯದು ಕೈಯಲ್ಲೇ ಒಡೆಯಿತು, ಢಬ್ ಅಂತ.
ನನ್ನ ಎದೆ ಹಾರಿತು; ಎದ್ದು ಅಳುತ್ತಾಳೆ ಅಂದುಕೊಂಡೆ.
ಕಣ್ಣು ತೆರೆಯಲೇ ಇಲ್ಲ ಅವಳು.
‘ಅಪ್ಪ ಇಲ್ಲೇ ಹತ್ತಿರ ಇದ್ದಾರೆ’ ಅಂದಳು,
ಮಗ್ಗುಲು ಬದಲಿಸಿ ಮಲಗಿದಳು.

ಎಷ್ಟು ರಾತ್ರಿ, ನನಗೆ ತಿಳಿಯದ ಹಾಗೆ,
ಈ ಮಗು ಪಟಾಕಿಯ ಸದ್ದು ಕೇಳಿ
ದೂರ ಅಳೆದಿದೆಯೋ.
ಹನ್ನೊಂದರ ಹೊತ್ತಿಗೆ ಗುಡ್ಡದಾಚೆ ನಿಜವಾದದ್ದು ಒಂದು ಕೇಳಿಸಿತು.
ಆಮೇಲೆ ಇನ್ನೊಂದು, ಸಣ್ಣಗೆ.
ಊದುವುದು ಬಿಟ್ಟು ನಾನೂ ಅಳೆದೆ.
ನನಗೆ ಬರುವುದಿಲ್ಲ.

ನಾಳೆ ಹನ್ನೊಂದಕ್ಕೆ ಕೇಕು, ಅಶ್ರಫಣ್ಣನ ಜೀಪಿಗೆ ಹೇಳಿದ್ದೇನೆ.
ನಾಲ್ಕೂ ಮುಕ್ಕಾಲಿಗೆ ಎಲ್ಲರನ್ನೂ ಹೊರಡಿಸಬೇಕು, ನಗುತ್ತಾ,
ಓಡಿಸಿದ ಹಾಗೆ ಕಾಣಬಾರದು.
ಮೇಣದ ಬತ್ತಿ ಐದು, ಇಟ್ಟಿದ್ದೇನೆ. ಚಾಕು, ಅದಕ್ಕೆ ರಿಬ್ಬನ್ನು.
ಬೆಂಕಿಪೊಟ್ಟಣ?
ಗ್ಯಾಸಿನ ಲೈಟರಿಗೆ ಬತ್ತಿ ಹತ್ತುವುದಿಲ್ಲ, ಬರೀ ಕಿಡಿ.
ದೇವರ ಮುಂದೆ ಇದ್ದದ್ದು ಅದೊಂದೇ,
ಹೋಗುವಾಗ ಇವರು
ಅಂಗಿಯ ಜೇಬಿಗೆ ಹಾಕಿಕೊಂಡದ್ದು ನೋಡಿದ್ದೆ.