ಕೆಂಪು ಗೀಟು

ಡಬ್ಬೊ ಊರಿನ ಶಾಲೆ. ನಾನು ಸೇರಿ ಮೂರನೇ ವಾರ.
ಟಿಲ್ಲಿಯ ಚಿತ್ರಕ್ಕೆ ಕೆಂಪು ಗೀಟೆಳೆದೆ:
ಬೆಳೆಯುವ ಚಂದ್ರ ಬಲದಿಂದ ತುಂಬುತ್ತಾನೆ,
ಎಡದಿಂದಲ್ಲ.
ಅವಳು ಏನೂ ಅನ್ನಲಿಲ್ಲ.
ರಬ್ಬರು ಮಾತ್ರ ಮುಟ್ಟಲಿಲ್ಲ.

ಸಂಜೆ ಒಣಗಿದ ಬಟ್ಟೆ ತೆಗೆಯಲು ಹಿತ್ತಿಲಿಗೆ ಬಂದರೆ
ಬಡಗಣ ಬಾನಲ್ಲಿ ಅಷ್ಟಮಿಯ ಹೋಳು!
ಬೆಳಕೆಲ್ಲ ಎಡಕ್ಕೆ,
ಸೂರ್ಯ ಈಗಷ್ಟೇ ಇಳಿದ ದಿಕ್ಕಿಗೆ.
ಒಳಗೆ ಅರ್ಧ ಮೊಲ, ತಲೆಕೆಳಗು.

ಚಂದ್ರನೇನೂ ಹೊರಳಿಲ್ಲ.
ನೆಲವ ಸುತ್ತುತ್ತ ಎಲ್ಲರಿಗೂ
ಅದೇ ಒಂದು ಮೋರೆ ತೋರುವವನು.
ಹಾಗಾದರೆ ಮಗುಚಿದ್ದು ಯಾರು?

ಬಾಯಲ್ಲಿ ಕ್ಲಿಪ್ಪು ಕಚ್ಚಿ,
ಅವನಿಗೆ ಬೆನ್ನು ಮಾಡಿ ಬಗ್ಗಿ
ಕಾಲುಗಳ ಸಂದಿಯಿಂದ ನೋಡಿದೆ:
ಇಗೋ, ದಾವಣಗೆರೆಯಲ್ಲಿ ಬಾಯಿಪಾಠ ಮಾಡಿದ
ಐದನೇ ಕ್ಲಾಸಿನ ಪುಸ್ತಕದ ಚಂದ್ರ.

ಪಕ್ಕದ ಮನೆಯ ನಾಯಿ ಬೊಗಳಿತು.
ನಾಳೆ ಟಿಲ್ಲಿಯ ಹತ್ತಿರ
ರಬ್ಬರು ಕೇಳಬೇಕು.