ಪಾಳಿ ಹಚ್ಚುವುದು

ಗುರುವಾರ ಸಂಜೆಯೊಳಗೆ ಹೇಳಿಬಿಡು ಅಂದಿದ್ದಾರೆ
ಇನ್‌ಚಾರ್ಜ್ ಬೀನಾಮೋಳ್ ಸಿಸ್ಟರ್.
ಕಾಗದದ ಮೇಲೆ ಮೂರು ಚೌಕ.
ಮೂರರಲ್ಲೂ ಹನ್ನೆರಡು ತಾಸು.

ಒಂದು: ಎರಡು ಹಗಲು, ಎರಡು ರಾತ್ರಿ, ನಾಲ್ಕು ದಿನ ರಜೆ.
ಎಂಟು ದಿನದ ವಾರ ಅದು.
ಶುಕ್ರವಾರ ಅದರೊಳಗೆ ಹಿಂಡು ತಪ್ಪಿದ ಕುರಿ,
ಒಮ್ಮೆ ಇಲ್ಲಿ ಸಿಗುತ್ತದೆ, ಒಮ್ಮೆ ಅಲ್ಲಿ.
ಇನ್ನೊಂದು: ಬರೀ ರಾತ್ರಿ. ಈ ವಾರ ಮೂರು, ಬರುವ ವಾರ ನಾಲ್ಕು.
ಭತ್ಯೆ ಮೂವತ್ತು ರಿಯಾಲ್ ಹೆಚ್ಚು.
ಕೊನೆಯದು ಯಾರೂ ಕೇಳದ್ದು:
ಏಳು ದಿನ ಸತತ, ಏಳು ದಿನ ಬಿಡುವು.
ಆ ಚೌಕದ ಮೇಲೆ ಯಾರೋ ಚಹಾದ ಲೋಟ ಇಟ್ಟ ಕಲೆ.

ಸೊಹಾರಿಗೆ ಬಂದು ಎಪ್ಪತ್ತೊಂದು ದಿನ.
ಲಿಫ್ಟಿನಲ್ಲಿ ಇನ್ನೂ ತಪ್ಪು ಗುಂಡಿ ಒತ್ತುತ್ತೇನೆ.

ರಾತ್ರಿಯೇ ತಗೋ, ಅನ್ನುತ್ತಾಳೆ ಕೋಣೆಯ ಗೆಳತಿ ರೋವೆನಾ,
ರಾತ್ರಿ ಸಂಬಂಧಿಕರಿಲ್ಲ, ರೌಂಡ್ಸ್ ಇಲ್ಲ,
ಕಾಲು ನೋವನ್ನು ಯಾರೂ ನೋಡುವುದಿಲ್ಲ.
ಹಗಲು ಮಲಗಲು ಕಿಟಕಿಗೆ ಅವಳು ಅಂಟಿಸಿದ್ದು
ಚಪಾತಿ ಸುತ್ತುವ ಬೆಳ್ಳಿ ಹಾಳೆ.
ಅದರ ಮೂಲೆ ಕಿತ್ತಲ್ಲಿ ಸಮುದ್ರದ ತುಂಡೊಂದು
ಬಿಳಿಯಾಗಿ ಉರಿಯುತ್ತಿರುತ್ತದೆ.

ಅಪ್ಪನನ್ನು ಕೇಳಿದೆ.
ವಾಡಿಯ ಸಿಮೆಂಟ್ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ
ಮೂರು ಪಾಳಿಗಳ ನಡುವೆ ಬೆಳ್ಳಗಾದವನು.
ನಮ್ಮ ಮನೆಯ ಗಡಿಯಾರಕ್ಕೆ ಯಾರೂ ಕೀಲಿ ಕೊಡುತ್ತಿರಲಿಲ್ಲ,
ಭೋಂಗಾ ಕೂಗಿದರೆ ಹೊತ್ತು ತಿಳಿಯುತ್ತಿತ್ತು.
'ಎಂಟು ತಾಸು ದಾಟಿದ್ರ ಅದು ಪಾಳಿ ಅಲ್ಲವ್ವ,' ಅಂದ,
'ಅದು ಸಂಸಾರ.'

ಅವ್ವನ ಪಾಳಿ ಬೇರೆ.
ನಳದ ಮುಂದೆ ಕೊಡ ಇಟ್ಟು ಬಂದರಾಯಿತು,
ಮನುಷ್ಯಳಿಲ್ಲದಿದ್ದರೂ ಪಾಳಿ ಇರುತ್ತದೆ.
ತಗ್ಗು ಬಿದ್ದ ನಮ್ಮ ಹಿತ್ತಾಳೆ ಕೊಡ
ಓಣಿಗೆಲ್ಲ ಗೊತ್ತಿತ್ತು.

ಲೆಕ್ಕ ಹಾಕುತ್ತ ಕೂತರೆ ಮೂರೂ ಒಂದೇ.
ತಿಂಗಳಿಗೆ ಅಷ್ಟೇ ತಾಸು, ಅಷ್ಟೇ ಬಸ್ಸು,
ಅಷ್ಟೇ ಸಲ ಕೈ ತೊಳೆಯುವುದು.

ಆದರೆ ಒಂಬತ್ತನೇ ಹಾಸಿಗೆ.

ತರಬೇತಿಯ ತಿಂಗಳು, ಎಂಟು ದಿನದ ವಾರದಲ್ಲಿ,
ಅಲ್ಲಿ ಶಮ್ಸಾ ಎಂಬ ಮುದುಕಿ ಇದ್ದಳು.
ನೀರಿಗೆ 'ಮಾಯ್' ಎನ್ನಲು ಕಲಿಸಿದ್ದು ಅವಳು,
ನೋವಿಗೆ ನಾನು ಅಂದದ್ದನ್ನು ಕೇಳಿ
ಹೊಲಿಗೆ ಹಿಡಿದುಕೊಂಡು ನಕ್ಕಿದ್ದೂ ಅವಳೇ.
ಆಸ್ಪತ್ರೆಯ ಪ್ಲಾಸ್ಟಿಕ್ ಬಾಚಣಿಗೆ ಕೂದಲು ಕೀಳುತ್ತದೆ ಎಂದು
ಕೈಸನ್ನೆ ಮಾಡಿ ತೋರಿಸಿದಳು.
ಮರದ್ದು ತರುತ್ತೇನೆ, ಬಾಕಿರ್, ಅಂದೆ.
ಬಾಕಿರ್ ಅಂದರೆ ನಾಳೆ.
ನನ್ನ ಕಿವಿಗೆ ಅದು ಬಾಕಿ ಎಂದೇ ಬೀಳುತ್ತದೆ.

ನಾಳೆ ನನಗೆ ರಜೆ ಎಂಬುದು ಮರೆತಿತ್ತು.
ನಾಡಿದ್ದೂ ರಜೆ. ಅದರಾಚೆಯ ಎರಡು ದಿನವೂ.

ಮರಳಿ ಬಂದಾಗ ಅಲ್ಲಿ ಪೇಶಾವರದ ಲಾರಿ ಚಾಲಕ,
ಕಾಲಿಗೆ ತೂಕ ಕಟ್ಟಿಸಿಕೊಂಡು ಮೊಬೈಲು ನೋಡುತ್ತಿದ್ದ.
ಬೋರ್ಡಿನ ಮೇಲೆ ಒರೆಸಿದ ಹೆಸರಿನ ನೀಲಿ ಮಬ್ಬು.
ಕೇಳಿದೆ. ಗೊತ್ತಿದ್ದವಳಿಗೆ ಅಂದಿನಿಂದ ನಾಲ್ಕು ದಿನ ರಜೆ.
ನನ್ನದಲ್ಲದ ಫೈಲು ನಾನು ತೆರೆಯುವಂತಿಲ್ಲ.
ಮನೆಗೆ ಹೋದಳೋ,
ಅಥವಾ.

ಬಾಚಣಿಗೆ ಇನ್ನೂ ಬ್ಯಾಗಿನಲ್ಲಿದೆ,
ರಸೀತಿ ಸಮೇತ.

ಹಾಗಾಗಿ ಬುಧವಾರವೇ ಹೋಗಿ
ಚಹಾ ಕಲೆಯ ಚೌಕದ ಮೇಲೆ ಬೆರಳಿಟ್ಟೆ.
ಬೀನಾಮೋಳ್ ಸಿಸ್ಟರ್ ಕನ್ನಡಕ ಇಳಿಸಿ ನೋಡಿದರು:
'ಐದನೇ ದಿನಕ್ಕೆ ನೀನೇ ಪೇಶಂಟ್ ಆಗುತ್ತೀ, ಹುಡುಗೀ.
ಆರನೇ ದಿನ ಸಿರಿಂಜಿನ ಗೆರೆ ಕದಲುತ್ತದೆ.'
ಎರಡು ಸಲ ಓದುತ್ತೇನೆ ಅಂದೆ.
'ಏಳರೊಳಗೆ ಎಲ್ಲರೂ ಗುಣವಾಗುತ್ತಾರೆ ಅಂತ ಯಾರು ಹೇಳಿದರು?'

ಯಾರೂ ಹೇಳಿಲ್ಲ.
ಹತ್ತು ದಿನ ಮಲಗುವವರಿರುತ್ತಾರೆ, ಎಂಟನೇ ದಿನ ಹೋಗುವವರೂ.
ಒಂದು ಕೊಡ ಇಟ್ಟು ಬರುತ್ತೇನೆ ಅಷ್ಟೆ,
ನೀರು ಎಷ್ಟು ಹೊತ್ತಿಗೆ ಬರುತ್ತದೋ
ನಿಂತುಹೋಗುತ್ತದೋ.

ಅವರು ಪೆನ್ನು ಚಾಚಿದರು.
ಪೆನ್ಸಿಲ್ ಇದೆಯಾ ಅಂತ ಕೇಳಿದೆ.