ಮೊದಲ ಬೈಗುಳ

ಕೇಪ್ ಟೌನಿನ ಈ ಮಗ್ಗುಲಲ್ಲಿ ಮಣ್ಣಿಲ್ಲ, ಬರೀ ಮರಳು.
ಮಣ್ಣನ್ನು ನಾವೇ ಮಾಡುತ್ತೇವೆ: ಬಂಡಿಕುದುರೆಯ ಲದ್ದಿ,
ಮೀನಂಗಡಿಯ ಮುಳ್ಳು, ಶಾಲೆಯ ಅಡುಗೆಮನೆಯ ಸಿಪ್ಪೆ.
ಒಂದು ಚಳಿಗಾಲ ಮುಚ್ಚಿಟ್ಟರೆ ಕಪ್ಪಗಾಗುತ್ತದೆ.
ಪಾತಿಗಳೆಂದರೆ ಕೆಡವಿದ ಮನೆಗಳ ಸ್ನಾನದ ತೊಟ್ಟಿಗಳು,
ಇಟ್ಟಿಗೆ ಕೊಟ್ಟು ಎತ್ತರಿಸಿದ್ದು,
ಗಾಲಿಕುರ್ಚಿಯ ನನ್ನ ಎದೆಮಟ್ಟಕ್ಕೆ.
ನೀರು ಹೋಗುವ ತೂತಿನಿಂದ ಒಂದೊಂದು ಸಲ
ಎರೆಹುಳ ಇಣುಕಿ ಒಳಸೇರುತ್ತದೆ.

ಇಘ್ಸಾನ್ ಸೇರಿದ್ದು ಸೆಪ್ಟೆಂಬರಿನಲ್ಲಿ.
ಮೂವತ್ತನಾಲ್ಕು ವರ್ಷ.
ಕೈ ಅವನು ಹೇಳಿದಲ್ಲಿಗೇ ಹೋಗುತ್ತದೆ, ಆದರೆ ಸುತ್ತುಬಳಸಿ.
ಮಾತೂ ಹಾಗೆಯೇ, ಕಾಯುವವರನ್ನು ಮಾತ್ರ ತಲುಪುತ್ತದೆ.
ಅಷ್ಟೂ ವರ್ಷ ಅವನು ಕೇಳಿದ್ದು ಒಂದೇ ಪದ: ಶೇಮ್.
ನಮ್ಮೂರಿನ ಇಂಗ್ಲಿಷಿನಲ್ಲಿ ಅದು ನಾಚಿಕೆಯಲ್ಲ,
ಅಯ್ಯೋ ಪಾಪ.
ಬಸ್ಸಿನಲ್ಲಿ ಶೇಮ್, ಮಸೀದಿಯ ಮೆಟ್ಟಿಲಲ್ಲಿ ಶೇಮ್,
ಲೋಟ ಒಡೆದರೆ ಶೇಮ್, ಒಡೆಯದಿದ್ದರೂ ಶೇಮ್.

ನವೆಂಬರಿನ ಒಂದು ಮಂಗಳವಾರ,
ಆಗ್ನೇಯದ ಗಾಳಿ ನೆರಳುಬಲೆಯನ್ನು ಪಟಪಟ ಬಡಿಯುತ್ತಿದ್ದಾಗ,
ಏಳನೇ ತೊಟ್ಟಿಯ ಕಳೆ ಕೀಳಲು ಹೋದವನು
ಮೊನ್ನೆಯಷ್ಟೇ ತಲೆಯೆತ್ತಿದ್ದ ಕೊತ್ತಂಬರಿಯನ್ನು
ಒಂದೂ ಬಿಡದೆ ಕಿತ್ತು ಸಾಲಾಗಿ ಜೋಡಿಸಿಟ್ಟ.
ಕಳೆಯನ್ನು ಮಾತ್ರ ಜೋಪಾನವಾಗಿ ಉಳಿಸಿದ್ದ.

ಮಿಸೆಸ್ ಫೋರ್ಟೈನ್ ಬಂದರು. ನೋಡಿದರು.
ನಾವೆಲ್ಲ ಆ ಪದಕ್ಕೆ ಕಾದೆವು.
ಸೊಪ್ಪು ಕಟ್ಟುತ್ತಿದ್ದ ಲುಲಾಮಾ
ಹತ್ತಕ್ಕೆ ನಿಲ್ಲಿಸಬೇಕಾದ ಎಣಿಕೆಯನ್ನು ಏಳಕ್ಕೇ ನಿಲ್ಲಿಸಿದಳು.
"ಕಣ್ಣು ಎಲ್ಲಿಟ್ಟಿದ್ದೆಯೋ?
ಸಮೋಸದಂಗಡಿಗೆ ಇನ್ನು ನಿನ್ನ ತಲೆ ಕೊಯ್ದು ಕಳಿಸಲೇ?
ಸಂಬಳ ಎಣಿಸಿಕೊಳ್ಳುತ್ತೀಯಲ್ಲ, ಎಲೆ ನೋಡು, ಎಲೆ!
ಗೊತ್ತಾಗದಿದ್ದರೆ ಮೂಸು!
ನಾಳೆ ಎಂಟಕ್ಕೆ ಬಂದು ಮತ್ತೆ ಬಿತ್ತು."

ಊಟದ ಹೊತ್ತಿಗೆ ಅವನು ಒಬ್ಬನೇ ಕೂತಿದ್ದ.
ಗಾಲಿ ತಿರುಗಿಸಿಕೊಂಡು ಹೋಗಿ, ಬೇಜಾರೇ, ಎಂದೆ.
ಅವನು ಉತ್ತರ ಕೂಡಿಸುವಷ್ಟರಲ್ಲಿ
ನನ್ನ ಚಹಾ ಆರಿಹೋಯಿತು.
"ನನ್ನನ್ನು... ಬೈದರು," ಅಂದ,
ಮನೆಯಲ್ಲಿ ಮಗು ಹುಟ್ಟಿದ ಸುದ್ದಿ ಹೇಳುವವನ ಹಾಗೆ.

ಬುಧವಾರ ಎಂಟಕ್ಕೆ ಹತ್ತು ನಿಮಿಷ ಇರುವಾಗಲೇ ಗೇಟಿನಲ್ಲಿದ್ದ.
ಬೀಜವನ್ನು ಶೂ ಅಡಿಯಲ್ಲಿ ಒಡೆದ, ಬಿತ್ತಿದ.
ಅರ್ಧ ತೊಟ್ಟಿಯೊಳಗೆ, ಅರ್ಧ ಹೊರಗೆ.

ಹನ್ನೊಂದು ದಿನ ಕಳೆದ ಮೇಲೆ
ಮೊದಲು ಹಸಿರಾದದ್ದು ತೊಟ್ಟಿಯಲ್ಲ,
ಕೆಳಗಿನ ಇಟ್ಟಿಗೆಗಳ ಸಂದು.
ಮಿಸೆಸ್ ಫೋರ್ಟೈನ್ ಬಗ್ಗಿ ಒಂದೆಲೆ ಕಿತ್ತು ಮೂಸಿ,
ಹುಬ್ಬು ಗಂಟಿಕ್ಕಿಯೇ ಕೇಳಿದರು:
"ಇದು ಯಾರ ಕೆಲಸ?"

ಕೈ ಎತ್ತಿದ ಇಘ್ಸಾನ್.
ಅದು ಮೇಲೇರುವ ತನಕ
ಎಲ್ಲರೂ ಕಾದೆವು.